ಗುದ್ದಮ್ಮನ ಕರೆಗಂಟೆ

ನನ್ನ ನಾದಿನಿಗೆ ಗುದ್ದಮ್ಮ ಎಂಬ ಹೆಸರು ಬಂದದ್ದು ಪಾರ್ಸಲ್ ಕಚೇರಿಯಲ್ಲಿ. ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯಾಗುವವರೆಗೂ ಅವಳು ಅಲ್ಲಿ ತಾರೀಖಿನ ಮುದ್ರೆ ಹಾಕಿದಳು. ಕಬ್ಬಿಣದ ಭಾರವಾದ ಮುದ್ರೆ. ಒಮ್ಮೆ ಮಸಿಯ ಮೆತ್ತೆಯ ಮೇಲೆ, ಒಮ್ಮೆ ಕಟ್ಟಿನ ಮೇಲೆ. ಧಪ್, ಧಡ್. ಮೆಲ್ಲಗೆ ಒತ್ತಿದರೆ ಒರಟು ಕಾಗದದಲ್ಲಿ ತಾರೀಖು ಮೂಡುತ್ತಿರಲಿಲ್ಲ. ಮೂಡದಿದ್ದರೆ ಕಟ್ಟು ವಾಪಸ್ಸು, ಮೇಲೆ ಬೈಗುಳ ಬೇರೆ. ಹೀಗಾಗಿ ಒತ್ತುವುದೆಂದರೆ ಗುದ್ದುವುದು ಎಂದೇ ಅವಳ ಕೈ ಕಲಿತುಬಿಟ್ಟಿತು. ಟೀವಿಯ ರಿಮೋಟು, ಮಿಕ್ಸಿಯ ಬಟನ್ನು, ಬಾಗಿಲ ಬೆಲ್ಲು, ಎಲ್ಲವೂ ಅವಳ ಕೈಗೆ ಸಿಕ್ಕಿ ಒಂದೊಂದಾಗಿ ಒಳಗೆ ಕುಸಿದು ಕೂತವು.

"ನನ್ನ ಕೈದೇನೂ ತಪ್ಪಿಲ್ಲ ಅತ್ತಿಗೆ, ಈಗಿನ ಸಾಮಾನೆಲ್ಲ ಮೊಟ್ಟೆ ಚಿಪ್ಪು" ಎನ್ನುತ್ತಿದ್ದಳು.

ಅವಳಿಗೆ ಉಬ್ಬಸ ಬಿಗಿಯಾಗಿ ಹಿಡಿಯುವವರೆಗೆ ಇದು ನಮಗೆ ನಗುವ ಸಂಗತಿಯಾಗಿತ್ತು.

ನಮ್ಮ ಮನೆ ಮಹಡಿಯಲ್ಲಿ, ಅಂಗಡಿ ಕೆಳಗೆ. ಅಂಗಡಿಯೆಂದರೆ ಜೆರಾಕ್ಸ್ ಮತ್ತು ಬೈಂಡಿಂಗ್. ಯಂತ್ರ ಸೊಸೆಯದು, ಅಂಟು ಮತ್ತು ರಟ್ಟು ನನ್ನದು. ವಿದ್ಯಾರ್ಥಿಗಳ ಪ್ರಬಂಧಕ್ಕೆ ರಟ್ಟು ಹಾಕುವಾಗ ಕಾಗುಣಿತದ ತಪ್ಪು ಕಣ್ಣಿಗೆ ಬಿದ್ದರೆ ಪೆನ್ಸಿಲಿನಲ್ಲಿ ಗುರುತು ಮಾಡುವ ಚಾಳಿಯೂ ಇದೆ. ಗುದ್ದಮ್ಮ ಮೇಲೆ ಕಿಟಕಿಯ ಪಕ್ಕದ ಮಂಚದಲ್ಲಿ ಇರುತ್ತಾಳೆ. ಉಬ್ಬಸ ಬಂದರೆ ಅವಳಿಗೆ ಕೂಗಲು ಆಗುವುದಿಲ್ಲ. ಎದೆಯೊಳಗಿನಿಂದ ಸೀಟಿಯಂಥ ಒಂದು ಸದ್ದು, ಅಷ್ಟೆ. ಆಗ ಯಾರಾದರೂ ಮಂಚದ ಪಕ್ಕದ ಹಬೆ ಯಂತ್ರಕ್ಕೆ ಔಷಧಿ ಹಾಕಿ, ಮುಖಕ್ಕೆ ಮಾಸ್ಕ್ ಇಟ್ಟು, ಬೆನ್ನಿಗೆ ಆಸರೆ ಕೊಟ್ಟು ಕೂರಿಸಬೇಕು. ತಡವಾದರೆ ಏನಾಗಬಹುದು ಎಂಬುದನ್ನು ಡಾಕ್ಟರು ನನ್ನ ಕೈ ಹಿಡಿದುಕೊಂಡೇ ಹೇಳಿದರು. ಆ ಮಾತಿಗಿಂತ, ಕೈ ಹಿಡಿದದ್ದೇ ನನ್ನನ್ನು ಹೆಚ್ಚು ಹೆದರಿಸಿತು.

ಮೊಬೈಲ್ ಕೊಟ್ಟು ನೋಡಿದೆವು. ಉಸಿರು ಕಟ್ಟಿದಾಗ ಅವಳ ಬೆರಳು ನಡುಗಿ ಆ ನುಣುಪು ಗಾಜಿನ ಮೇಲೆ ಜಾರುತ್ತಿತ್ತು. ಕೊನೆಗೆ ಒಂದು ಕರೆಗಂಟೆ ತಂದೆವು. ಮಂಚದ ಪಕ್ಕದ ಮೇಜಿನ ಮೇಲೆ ಅಂಗೈ ಅಗಲದ ಡಬ್ಬಿ, ಅದರ ನಡುವೆ ಕೆಂಪು ಬಟನ್ನು. ಒತ್ತಿದರೆ ಕೆಳಗೆ ಅಂಗಡಿಯ ಗೋಡೆಯಲ್ಲಿ ಗಂಟೆ ಬಾರಿಸುತ್ತದೆ. ನಡುವೆ ತಂತಿ ಇಲ್ಲ.

ಅದೊಂದು ಮಧ್ಯಾಹ್ನ ಗಂಟೆ ಬಾರಿಸಲಿಲ್ಲ. ಟೀ ಕುಡೀತೀಯಾ ಎಂದು ಕೇಳಲು ನಾನು ಸುಮ್ಮನೆ ಮೇಲೆ ಹೋದೆ. ಗುದ್ದಮ್ಮ ಮಂಚದ ಅಂಚಿಗೆ ಜಾರಿದ್ದಳು. ತುಟಿ ನೀಲಿಗಟ್ಟಿತ್ತು. ಮುಷ್ಟಿ ಇನ್ನೂ ಆ ಡಬ್ಬಿಯ ಮೇಲೆಯೇ ಇತ್ತು. ಕೆಂಪು ಬಟನ್ನು ಒಳಗೆ ಹೂತುಹೋಗಿತ್ತು. ಮಾಸ್ಕ್ ಇಟ್ಟು, ಅವಳ ಎದೆ ಒಂದು ಹದಕ್ಕೆ ಬರುವವರೆಗೂ ನಾನು ಏನು ಮಾತಾಡಿದೆನೋ ನನಗೆ ನೆನಪಿಲ್ಲ. ಮಾತು ಬಂದ ಕೂಡಲೇ ಅವಳು ಹೇಳಿದ್ದು ಇಷ್ಟು: "ಒತ್ತಿದೆ ಅತ್ತಿಗೆ. ಒತ್ತಿದ್ದೆ ಕಣೇ."

ರಸ್ತೆಯಾಚೆ ರಿಪೇರಿ ಅಂಗಡಿ ಇಟ್ಟಿರುವವನನ್ನು ಎಲ್ಲರೂ ರೇಡಿಯೋ ಎನ್ನುತ್ತಾರೆ. ಕೆಲಸದಲ್ಲಿ ನಿಧಾನ, ಮಾತಿನಲ್ಲಿ ಅಲ್ಲ. "ಅವನಿಗೆ ಆಫ್ ಮಾಡೋ ಬಟನ್ನೇ ಇಟ್ಟಿಲ್ಲ ಅತ್ತೆ" ಎಂದು ಸೊಸೆ ನಗುತ್ತಾಳೆ. ಅವನು ಡಬ್ಬಿ ಬಿಚ್ಚಿ ನನಗೆ ತೋರಿಸಿದ.

"ನೋಡಿ ಅಮ್ಮಾ, ಮೇಲಿರೋ ಈ ಕೆಂಪು ಟೋಪಿ ಬರೀ ವೇಷ. ನಿಜವಾದ ಸ್ವಿಚ್ಚು ಕೆಳಗಡೆ ಇರೋದು, ಈ ಕಾಳಿನಷ್ಟು. ಇದರೊಳಗೆ ಒಂದು ತೆಳ್ಳನೆ ತಗಡು, ಮಗುಚಿಟ್ಟ ಬಟ್ಟಲ ಥರ. ಬೆರಳಿಟ್ರೆ ಬಗ್ಗುತ್ತೆ, ಟಿಕ್ ಅನ್ನುತ್ತೆ, ಮತ್ತೆ ಮೇಲೇಳುತ್ತೆ. ಇದರ ಮೇಲೆ ಯಾರು ಕೂತಿದ್ರು?"

"ನನ್ನ ನಾದಿನಿ ಗುದ್ದಿದ್ದು."

"ಗುದ್ದಿದ್ರಾ! ಹಾಗಾದ್ರೆ ಪಾಪ, ಇದು ಚಪ್ಪಟೆಯಾಗಿ ಮೇಲೇಳೋದನ್ನೇ ಮರೆತುಬಿಟ್ಟಿದೆ."

ಅವನು ಹೊಸ ಸ್ವಿಚ್ಚು ಕೂರಿಸಿದ. ಅದರ ಸುತ್ತ, ಟೋಪಿಯ ಅಡಿಗೆ, ದಪ್ಪನೆಯ ಒಂದು ರಬ್ಬರ್ ಬಳೆ ಇಟ್ಟ. ಏಟು ಎಷ್ಟೇ ಜೋರಾಗಿ ಬಿದ್ದರೂ ಮೊದಲು ಬಳೆಯೇ ತಿನ್ನುತ್ತದೆ, ಒಳಗಿನ ಕಾಳು ಬದುಕಿಕೊಳ್ಳುತ್ತದೆ ಎಂದ. ನನ್ನ ಮುಖ ನೋಡಿ, "ಇನ್ನೂ ಭಯಾನಾ? ಇರಲಿ, ಇನ್ನೊಂದು ಹಾಕ್ತೀನಿ" ಎಂದು ಮತ್ತೊಂದು ಬಳೆ ಸೇರಿಸಿದ. ಅವನು ಹೆಬ್ಬೆರಳಿನಿಂದ ಒತ್ತಿದ, ಗಂಟೆ ಬಾರಿಸಿತು. ನಾನೂ ಹಾಗೇ ಒತ್ತಿದೆ, ಬಾರಿಸಿತು. ಸೊಸೆಯೂ ಒತ್ತಿ ನೋಡಿದಳು.

ಡಬ್ಬಿಯನ್ನು ಮೇಲೆ ತಂದಾಗ ಗುದ್ದಮ್ಮನಿಗೆ ಮಾತ್ರ ನಾವು ಮುಟ್ಟಲು ಬಿಡಲಿಲ್ಲ.

"ಒಂದ್ಸಲ ನಾನೂ ನೋಡ್ತೀನಿ" ಎಂದು ಅವಳು ಕೈ ಚಾಚಿದಳು.

"ಬೇಡಮ್ಮ ತಾಯಿ!" ಎಂದು ನಾನು ಡಬ್ಬಿಯನ್ನು ದೂರ ಸರಿಸಿದೆ. "ನಿಜವಾಗ್ಲೂ ಬೇಕಾದಾಗ ಒತ್ತು. ಅದೂ ಮೆಲ್ಲಗೆ. ಒಂದೇ ಬೆರಳಲ್ಲಿ."

"ಹೂವು ಮುಟ್ಟೋ ಹಾಗಾ?" ಎಂದು ಛೇಡಿಸಿದಳು.

"ಹಾಗೇ ಅಂದ್ಕೋ."

ಆಮೇಲಿನ ದಿನಗಳಲ್ಲಿ ನನಗೆ ಊಟ ರುಚಿಸಲಿಲ್ಲ. ಅಂಗಡಿಯಲ್ಲಿ ಗಂಟೆ ಸುಮ್ಮನಿದ್ದರೆ, ಮೇಲೆ ಅವಳು ಸುಖವಾಗಿ ನಿದ್ದೆ ಮಾಡುತ್ತಿದ್ದಾಳೋ, ಇಲ್ಲ ಮುಷ್ಟಿ ಡಬ್ಬಿಯ ಮೇಲಿದೆಯೋ, ಹೇಗೆ ಗೊತ್ತಾಗಬೇಕು? ಮೌನಕ್ಕೆ ಮುಖವಿಲ್ಲ. ಮತ್ತೆ ಮತ್ತೆ ಮೆಟ್ಟಿಲು ಹತ್ತಿದೆ. ಪ್ರತಿ ಸಲವೂ ಅವಳು, "ಬಂದ್ಯಾ? ಇದ್ದೀನಿ, ಹೋಗು" ಎನ್ನುತ್ತಿದ್ದಳು. ಕೆಳಗಿಳಿಯುವಾಗ, "ಮೆಲ್ಲಗೆ, ನೆನಪಿರಲಿ" ಎಂದು ನಾನು ಹೇಳದೆ ಬಂದದ್ದಿಲ್ಲ. ನನ್ನ ಮಂಡಿ ಊದಿಕೊಂಡಿತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆದರೆ ಒಂದು ಬೆಳಿಗ್ಗೆ ನೋಡಿದರೆ ಮೆಟ್ಟಿಲಿನ ಗೋಡೆಗೆ ಹೊಸದಾಗಿ ಒಂದು ಹಿಡಿಗೋಲು ಬಡಿದಿತ್ತು. ಸೊಸೆಯ ಬೆರಳಿಗೆ ಬ್ಯಾಂಡೇಜು.

ಅವಳು ಇನ್ನೊಂದು ಉಪಕಾರವನ್ನೂ ಮಾಡುತ್ತಿದ್ದಳು. ಒಂದು ಕೆಲಸ ಮುಗಿದು ಇನ್ನೊಂದನ್ನು ಶುರುಮಾಡುವ ಮೊದಲು ಯಂತ್ರವನ್ನು ನಿಲ್ಲಿಸಿ, ಸ್ವಲ್ಪ ಹೊತ್ತು ಸೂರಿನ ಕಡೆ ಕಿವಿಕೊಟ್ಟು ನಿಲ್ಲುತ್ತಿದ್ದಳು. ಗಿರಾಕಿಗಳು ಗೊಣಗಿದರೆ, "ಯಂತ್ರ ಬಿಸಿ ಆಗಿದೆ, ಉಸಿರಾಡ್ಲಿ ಬಿಡಿ" ಎನ್ನುತ್ತಿದ್ದಳು.

ಅಂಥದೊಂದು ಬಿಡುವಿನಲ್ಲೇ ಅದು ಕೇಳಿಸಿತು. ಒಬ್ಬ ಹುಡುಗಿ ತನ್ನ ಪ್ರಬಂಧದ ಹಾಳೆಗಳನ್ನು ಎಣಿಸುತ್ತಿದ್ದಳು. ಗೋಡೆಯ ಗಂಟೆ ಸುಮ್ಮನಿತ್ತು. ಸೂರಿನಿಂದ ಬಂತು:

ಧಪ್, ಧಡ್.

ಸೊಸೆ ನನ್ನ ಮುಖ ನೋಡಿದಳು. ಮರ ಬಡಿದ ಹಾಗೆ, ಮೊದಲನೆಯದು ಮೆತ್ತಗೆ, ಎರಡನೆಯದು ಗಟ್ಟಿ. ಮತ್ತೆ, ಧಪ್, ಧಡ್. ಮೆತ್ತೆ, ಕಟ್ಟು. ಮೆತ್ತೆ, ಕಟ್ಟು. ನನ್ನ ಕೈಯಿಂದ ಅಂಟಿನ ಕುಂಚ ಜಾರಿತು.

"ಅತ್ತೆ, ಚಿಕ್ಕತ್ತೆ!" ಎಂದು ಕೂಗಿದ ಸೊಸೆ ನನ್ನನ್ನು ದಾಟಿ ಓಡಿದಳು. ಹಿಡಿಗೋಲು ಹಿಡಿದು ನಾನೂ ಹತ್ತಿದೆ. ಅರ್ಧ ದಾರಿಯಲ್ಲಿ ಆ ಬಡಿತ ನಿಂತಿತು. ಅಲ್ಲಿಂದ ಮೇಲಿನ ಮೆಟ್ಟಿಲುಗಳನ್ನು ಹೇಗೆ ಹತ್ತಿದೆನೋ. ದೇವರೇ, ಬಡಿಯಲಿ, ಇನ್ನೊಂದು ಸಲ ಬಡಿಯಲಿ, ಮನೆಯಲ್ಲಿರುವುದನ್ನೆಲ್ಲ ಗುದ್ದಿ ಪುಡಿ ಮಾಡಲಿ ಎಂದು ಬೇಡಿಕೊಂಡೆ.

ಗುದ್ದಮ್ಮನ ತಲೆ ದಿಂಬಿನಿಂದ ಜಾರಿತ್ತು. ಮುಷ್ಟಿ ಮೇಜಿನ ಮೇಲೆ ಬಿದ್ದಿತ್ತು, ಡಬ್ಬಿಯ ಮೇಲಲ್ಲ, ಅದರ ಪಕ್ಕದಲ್ಲಿ. ಸೊಸೆ ಆಗಲೇ ಮಾಸ್ಕ್ ಇಟ್ಟಿದ್ದಳು. ಯಂತ್ರದ ಹಬೆ ಮುಖದ ಸುತ್ತ ಏಳುತ್ತಿತ್ತು. ನಾನು ಅವಳ ಬೆನ್ನನ್ನು ನನ್ನ ಎದೆಗೆ ಒರಗಿಸಿಕೊಂಡು ಕೂತೆ. ಅವಳ ಒಳಗಿನ ಸೀಟಿ ನನ್ನ ಪಕ್ಕೆಲುಬಿನಲ್ಲೇ ಊದಿದಂತಿತ್ತು. ಎಷ್ಟೋ ಹೊತ್ತಿನ ಮೇಲೆ ಅದು ಸಣ್ಣದಾಯಿತು.

"ಮೆಲ್ಲಗೇ ಒತ್ತಿದೆ" ಎಂದಳು ಮಾಸ್ಕಿನ ಒಳಗಿನಿಂದ. "ನೀನು ಹೇಳಿದ ಹಾಗೇ. ಒಂದೇ ಬೆರಳಲ್ಲಿ. ಎಷ್ಟು ಸಲ ಒತ್ತಿದ್ರೂ ನೀನು ಬರ್ಲೇ ಇಲ್ಲ. ಗುದ್ದಿದ್ರೆ ಮುರಿಯುತ್ತಲ್ಲಾ ಅಂತ... ಮೇಜನ್ನ ಗುದ್ದಿದೆ."

ಸಾಯುತ್ತಿರುವಾಗಲೂ ಅವಳು ಆ ಡಬ್ಬಿಯನ್ನು ಉಳಿಸಿದ್ದಳು.

ಸೊಸೆ ಡಬ್ಬಿಯನ್ನು ತೆಗೆದುಕೊಂಡು ಒಂದು ಬೆರಳನ್ನು ಹಗುರವಾಗಿ ಇಟ್ಟು ಒತ್ತಿದಳು. ಟೋಪಿ ರಬ್ಬರಿನ ಮೇಲೆ ಮೆತ್ತಗೆ ಕೂತು ನಿಂತಿತು. ಟಿಕ್ ಎನ್ನಲಿಲ್ಲ. ಗಂಟೆ ಬಾರಿಸಲಿಲ್ಲ. ಹೆಬ್ಬೆರಳಿನ ಬಲ ಬಿದ್ದಾಗ ಮಾತ್ರ ಬಾರಿಸಿತು. ಗುದ್ದಿಗೆ ಹೆದರಿ ನಾವು ಕಟ್ಟಿದ ಕಾವಲು ಬೆರಳನ್ನೂ ಒಳಗೆ ಬಿಟ್ಟಿರಲಿಲ್ಲ.

ಸುದ್ದಿ ತಿಳಿದ ರೇಡಿಯೋ ತನ್ನ ಅಂಗಡಿಯ ಬಾಗಿಲು ಎಳೆದುಕೊಂಡು ತಾನೇ ಬಂದ. ಚಪ್ಪಲಿಯನ್ನು ಕೆಳಗೇ ಬಿಟ್ಟು ಮೆಟ್ಟಿಲು ಹತ್ತಿದ. ರಬ್ಬರ್ ಬಳೆಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಬಳೆ ತೆಗೆದು ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತು ಅರದಿಂದ ಉಜ್ಜತೊಡಗಿದ. ಉಜ್ಜಿ ಕೂರಿಸಿ ನೋಡುವುದು, ಮತ್ತೆ ತೆಗೆದು ಉಜ್ಜುವುದು. ಪುಡಿ ಹಾರಿ ಗುದ್ದಮ್ಮನ ಉಸಿರಿಗೆ ತಾಗಬಾರದೆಂದು ಒದ್ದೆ ಬಟ್ಟೆಯನ್ನು ಕೆಳಗೆ ಹಿಡಿದಿದ್ದ.

ಕೊನೆಗೆ ಬಾಯಿ ಬಿಟ್ಟ. "ಬೆರಳು ತಾಗಿದ್ರೆ ಸಾಕು, ಟಿಕ್ ಅನ್ನುತ್ತೆ. ಟಿಕ್ ಅಂದ ತಕ್ಷಣ ಟೋಪಿ ಈ ಬಳೆ ಮೇಲೆ ಕೂತ್ಕೊಳ್ಳುತ್ತೆ, ಮುಂದಕ್ಕೆ ಇಳಿಯಲ್ಲ. ಆಮೇಲೆ ಬೀಳೋ ಏಟೆಲ್ಲ ಡಬ್ಬಿಗೆ." ಡಬ್ಬಿಯನ್ನು ಗುದ್ದಮ್ಮನ ಮಡಿಲಲ್ಲಿ ಇಟ್ಟ. "ಮೊದಲೇ ನಿಮ್ಮ ಕೈಲಿ ಒತ್ತಿಸಿ ನೋಡಬೇಕಿತ್ತು ಅಮ್ಮಾ. ಒತ್ತಿ."

ಅವಳ ಬೆರಳು ಬಟನ್ನಿನ ಮೇಲೆ ಬಂದು ನಿಂತಿತು. ಇಳಿಯಲಿಲ್ಲ. ನನ್ನ ಕಡೆ ನೋಡಿದಳು, ತರಗತಿಯಲ್ಲಿ ಪೆಟ್ಟು ತಿಂದ ಮಗುವಿನ ಹಾಗೆ.

"ಒತ್ತೇ" ಎಂದೆ. "ನಾನಿನ್ನು ಏನೂ ಅನ್ನಲ್ಲ."

ಒತ್ತಿದಳು, ಹೂವು ಮುಟ್ಟುವ ಹಾಗೆ. ಕೆಳಗೆ ಗಂಟೆ ಬಾರಿಸಿತು.

"ಈಗ ಪಾರ್ಸಲ್ ಕಚೇರಿ ಥರ ಒಂದು ಬಿಡಿ" ಎಂದ ರೇಡಿಯೋ.

ಅವಳು ಮುಷ್ಟಿ ಎತ್ತಿದಳು. ನಾನು ಕಣ್ಣು ಮುಚ್ಚಿಕೊಂಡೆ. ಧಡ್! ಗಂಟೆ ಮತ್ತೆ ಬಾರಿಸಿತು. ಕಣ್ಣು ಬಿಟ್ಟಾಗ ಕೆಂಪು ಬಟನ್ನು ಏನೂ ಆಗದಂತೆ ಮೇಲೆದ್ದು ನಿಂತಿತ್ತು.

ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ದಡದಡ ಸದ್ದಾಯಿತು. ಗಿರಾಕಿಗಳನ್ನು ನೋಡಿಕೊಳ್ಳಲು ಕೆಳಗೆ ಹೋಗಿದ್ದ ಸೊಸೆ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಯಾರದೋ ಪ್ರಬಂಧದ ಹಾಳೆ ಮುದ್ದೆಯಾಗಿತ್ತು. ಮುಖದಲ್ಲಿ ರಕ್ತವಿರಲಿಲ್ಲ. ಏದುಸಿರು ಬಿಡುತ್ತಾ ಅವಳು ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ಪರೀಕ್ಷೆ ಮಾಡುತ್ತೇವೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಗುದ್ದಮ್ಮ ಮಂಚದ ಮೇಲೆ ಜಾಗ ಮಾಡಿ ತನ್ನ ನೀರಿನ ಲೋಟವನ್ನು ಅವಳ ಕಡೆ ಚಾಚಿದಳು.

"ಬಾರೇ, ಕೂತ್ಕೋ" ಎಂದಳು. "ಮೊದಲು ಉಸಿರು ತಗೋ."