ಡಬ್ಬಿಯ ಬುಡಕ್ಕೆ ಒಂದು ಚೊಂಬು ನೀರು

ಬಾವಿಗೆ ಇಳಿಬಿಟ್ಟ ಕೊಡ ಮುಳುಗಲಿಲ್ಲ. ತಳದ ಕಲ್ಲಿಗೆ ತಗುಲಿ ಠಣ್ ಎಂದಿತು.

"ಕೇಳಿಸ್ತಾ?" ಮಾವ ಸೊಸೆಯ ಕಡೆ ತಿರುಗಿದರು. "ಟೊಮೆಟೊ ಇನ್ನೂ ಹಸಿರಾಗೇ ಇದೆ. ಅದು ಕೆಂಪಾಗೋ ಮೊದ್ಲೇ ಬಾವಿ ಕೈಯೆತ್ತಿತು. ಎಲ್ಲಾ ನಿನ್ನ ಆ ಡಬ್ಬಿ ಮಾತು ಕೇಳಿದ್ದಕ್ಕೆ!"

ಸೊಸೆ ತಲೆ ತಗ್ಗಿಸಿದಳು. ಸಂಶೋಧನಾ ಕೇಂದ್ರದವರು ಹೊಲದಲ್ಲಿ ಗಾಜಿನ ಡಬ್ಬಿ ಇಡಲು ಬಂದಾಗ ಮನೆಯವರನ್ನು ಒಪ್ಪಿಸಿದ್ದು ಅವಳೇ. ಡಬ್ಬಿಯೊಳಗೆ ಒಂದೇ ಒಂದು ಟೊಮೆಟೊ ಗಿಡ. ಆಗಾಗ ಮುಚ್ಚಳ ತಾನಾಗಿ ಮುಚ್ಚಿಕೊಳ್ಳುತ್ತದೆ. ಗಿಡದಿಂದಲೂ ಮಣ್ಣಿನಿಂದಲೂ ಎಷ್ಟು ನೀರು ಆವಿಯಾಗಿ ಗಾಳಿಗೆ ಹೋಗುತ್ತಿದೆ ಎಂದು ಅಳೆದು, ಮತ್ತೆ ತೆರೆದುಕೊಳ್ಳುತ್ತದೆ. ಆ ಅಳತೆ ನೋಡಿ, ಇಂದು ಇಷ್ಟು ನೀರು ಹಾಯಿಸಿ ಎಂದು ಅವಳ ಫೋನಿಗೆ ಸಂದೇಶ ಬರುತ್ತದೆ. ಇತ್ತೀಚೆಗೆ ಬಂದದ್ದೆಲ್ಲ ಒಂದೇ ಮಾತು: ಇನ್ನೂ ಹೆಚ್ಚು ಹಾಯಿಸಿ.

"ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗಾಯ್ತು ನಮ್ಮ ಕಥೆ," ಎಂದರು ಮಾವ. "ಇವತ್ತೇ ಕಿತ್ತು ಬೇಲಿ ಆಚೆ ಇಡ್ತೀನಿ."

ಸೊಸೆ ಕೇಂದ್ರಕ್ಕೆ ಫೋನ್ ಮಾಡಿದಳು. ಅಲ್ಲಿಂದ ಅಳತೆಯ ಕೆಲಸದವಳು ಬಂದಳು. ಗಾಳಿಗೆ ಹೋಗುವ ನೀರನ್ನು ಅಳೆಯುವವಳೆಂದು ಊರಿನವರಿಗೆಲ್ಲ ಅವಳು ಗಾಳಿ ಅಕ್ಕ.

"ಬಾಮ್ಮಾ, ನಿನ್ನ ಡಬ್ಬಿ ಸುಳ್ಳುಬುರುಕ!" ಎಂದರು ಮಾವ.

"ಸುಳ್ಳು ಹೇಳೋಕೆ ಅದಕ್ಕೆ ನಾಲಿಗೆ ಎಲ್ಲಿದೆ ದೊಡ್ಡಪ್ಪ? ಕಂಡಿದ್ದನ್ನ ಹೇಳುತ್ತೆ. ಅದಕ್ಕೆ ಏನು ಕಾಣ್ತಿದೆ ಅಂತ ನಾವೇ ನೋಡೋಣ. ಎರಡು ಗಾಜಿನ ಬಟ್ಟಲು ಕೊಡಿ."

ಒಂದು ಬಟ್ಟಲನ್ನು ಗಿಡಗಳ ಸಾಲಿನಲ್ಲಿ ಬೋರಲು ಹಾಕಿದಳು. ಇನ್ನೊಂದನ್ನು ಡಬ್ಬಿಯೊಳಗಿನ ಗಿಡದ ಬುಡದಲ್ಲಿ. ಬಿಸಿಲು ಏರಿತು. ಸಾಲಿನ ಬಟ್ಟಲಿನ ಒಳಗೆ ತೆಳುವಾಗಿ ಮಂಜು ಕಟ್ಟಿತು. ಡಬ್ಬಿಯ ಬಟ್ಟಲಲ್ಲಿ ಮಾತ್ರ ಹನಿಗಳು ಜಾರುತ್ತಿದ್ದವು.

ಮಾವ ಬಗ್ಗಿ ಮಣ್ಣು ಮುಟ್ಟಿದರು. "ಮೊನ್ನೆಯಿಂದ ನೀರೇ ಹಾಯಿಸಿಲ್ಲ. ಇಲ್ಲಿ ಮಾತ್ರ ಒದ್ದೆ ಹೇಗೆ?"

ಪಕ್ಕದಲ್ಲೇ ನಿಂತಿದ್ದ ಅತ್ತೆ ಕೈಯಲ್ಲಿದ್ದ ಚೊಂಬನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಎಲ್ಲರೂ ಅವರನ್ನೇ ನೋಡಿದರು.

"ಪಾಪ, ಈ ಡಬ್ಬಿ ಬಿಸಿಲಲ್ಲಿ ಬಾಯಿ ಬಿಟ್ಟುಕೊಂಡು ಕೂತಿರುತ್ತೆ. ಬಂದ ನೆಂಟರನ್ನ ಬಾಯಾರಿಸಬಾರದು ಅಂತ ದಿನಾ ಒಂದು ಚೊಂಬು... ಕೆಲವು ದಿನ ಎರಡು."

"ನಾನು ಬಾಯಿ ಬಿಟ್ಟು ಕೂತಾಗ ಒಂದು ಲೋಟ ಕೊಟ್ಟಿದ್ದೀಯೇನೇ?"

"ನಿಮ್ಮ ಬಾಯಿ ಮುಚ್ಚಿದ್ದು ಯಾವಾಗ, ಬಿಟ್ಟಿದ್ದು ಗೊತ್ತಾಗೋಕೆ?"

ಗಾಳಿ ಅಕ್ಕನಿಗೂ ನಗು ತಡೆಯಲಾಗಲಿಲ್ಲ. "ದೊಡ್ಡಮ್ಮ, ಥರ್ಮಾಮೀಟರನ್ನ ಬಿಸಿನೀರಲ್ಲಿ ಅದ್ದಿದ್ರೆ, ಚೆನ್ನಾಗಿರೋರಿಗೂ ಜ್ವರದ ಮಾತ್ರೆ ಬರೀತಾರೆ. ಈ ಒಂದು ಗಿಡ ಇಡೀ ಹೊಲದ ಪರವಾಗಿ ಮಾತಾಡುತ್ತೆ. ನೀವು ಹೆಚ್ಚು ಕುಡಿಸಿದ್ರಿ, ಹೆಚ್ಚು ಆವಿ ಬಂತು. ಹೊಲಕ್ಕೆಲ್ಲ ಅಷ್ಟು ನೀರು ಬೇಕು ಅಂತ ನಾವು ಅಂದ್ಕೊಂಡ್ವಿ."

ಅತ್ತೆಯ ಮುಖ ಸಣ್ಣದಾಯಿತು. "ಹಾಗಾದ್ರೆ ಬಾವಿ ಬರಿದು ಮಾಡಿದ್ದು ನಾನಾ?"

"ನಾವೂ ಹೌದು. ಡಬ್ಬಿ ಇಡೋವಾಗ ನಿಮ್ಮ ಸೊಸೆಗೆ ಮಾತ್ರ ಹೇಳಿ ಹೋದ್ವಿ. ನಿಮ್ಮನ್ನ ಕೂರಿಸಿ ಹೇಳಬೇಕಿತ್ತು."

ಮಾವ ಡಬ್ಬಿಯೊಳಗಿನ ಬಟ್ಟಲನ್ನು ಎತ್ತಿ ಹನಿ ಕೊಡವಿದರು. "ಇರಲಿ ಬಿಡಿ ಡಬ್ಬಿ. ಸಾಲಿಗೆ ಎಷ್ಟು ನೀರೋ ಅದಕ್ಕೂ ಅಷ್ಟೇ."

ಮುಂದಿನ ಸಂದೇಶ, ಇಂದು ನೀರು ಬೇಡ ಎಂದಿತು. ಆಮೇಲೆ ಸ್ವಲ್ಪ ಸ್ವಲ್ಪ. ಬಾವಿ ತುಂಬಲಿಲ್ಲ ನಿಜ. ಆದರೆ ಒರತೆಗೆ ಬಿಡುವು ಸಿಕ್ಕಿತು. ಒಂದು ಬೆಳಿಗ್ಗೆ ಇಳಿಬಿಟ್ಟ ಕೊಡ ಗುಳುಕ್ ಎಂದು ಮುಳುಗಿತು. ಟೊಮೆಟೊ ಕೆಂಪಾಗುವವರೆಗೆ ಆ ನೀರು ಸಾಕಾಯಿತು. ಈಗ ಡಬ್ಬಿಯ ಹತ್ತಿರ ಯಾರಾದರೂ ಸುಳಿದರೆ ಅತ್ತೆಯೇ ಕೂಗುತ್ತಾರೆ: "ಅದು ಬಾಯಿ ಬಿಟ್ಟಿರೋದು ಬಾಯಾರಿ ಅಲ್ಲ ಕಣ್ರೋ!"

ನಿಮ್ಮ ಹೊಲದಲ್ಲೂ ಇಂಥ ಡಬ್ಬಿಯೋ ಅಳತೆಯ ಕಂಬವೋ ಇದೆಯೇ? ಅದನ್ನು ಬೈಯಬೇಡಿ, ಮುದ್ದೂ ಮಾಡಬೇಡಿ. ಹೊಲ ಹೇಗಿದೆಯೋ ಅದೂ ಹಾಗೇ ಇರಲಿ. ಕೈತಪ್ಪಿ ಏನಾದರೂ ಆಗಿದ್ದರೆ ಅಳತೆಯವರಿಗೆ ಹೇಳಿಬಿಡಿ, ಹೇಳಿದರೆ ಸರಿಪಡಿಸಬಹುದು. ಮನೆಯಲ್ಲಿ ಒಬ್ಬರಿಗೆ ಗೊತ್ತಿದ್ದರೆ ಸಾಲದು. ಇವತ್ತೇ ಎಲ್ಲರಿಗೂ ಇದನ್ನು ಓದಿ ಹೇಳಿ. ಮೊದಲು, ಚೊಂಬು ಯಾರ ಕೈಯಲ್ಲಿದೆಯೋ ಅವರಿಗೆ.