ಟ್ಯಾನರ್ಸ್ ಬಾಟಮ್‌ನ ಹನ್ನೊಂದು ನಿಮಿಷ

"ಲುವೆನಿಯಾ, ಈ ಕೂಗಾಡ್ತಿರೋ ಹೆಂಗಸು ಯಾರು ಅಂತ ಗೊತ್ತಾ? ಕುಡಿದಿರೋ ಹಾಗಿದೆ."

ನಗರಸಭೆಯ ದಾಖಲೆ ಕಚೇರಿಯ ನೆಲಮಾಳಿಗೆಯ ಗೋಡೆಯ ಮೇಲೆ ಸದ್ದಿಲ್ಲದ ಚಿತ್ರ ಓಡುತ್ತಿತ್ತು. ಕೇಳಿದ ಬಿಳಿಯ ಅಧಿಕಾರಿಗೆ ಲುವೆನಿಯಾಳ ಮೊಮ್ಮಗನ ವಯಸ್ಸು.

"ನಂಗೆ ಮಿಸೆಸ್ ಟಾಲಿವರ್ ಅನ್ನಪ್ಪ. ನಮ್ಮವ್ವನ್ನೂ ನಿಮ್ಮೋರು ಸಾಯೋಗಂಟ ಬರೀ ಹೆಸ್ರಿಡ್ದು ಕೂಗುದ್ರು. ಅವ್ಳೇ ಇವ್ಳು."

ಅವನು ಚಿತ್ರದ ವಿವರದ ಹಾಳೆಯಿಂದ ತಲೆಯೆತ್ತಲಿಲ್ಲ.

ಅರವತ್ತೈದು ವರ್ಷಗಳ ಹಿಂದೆ ನಗರಸಭೆಯೇ ತೆಗೆಸಿದ ಚಿತ್ರ. ಇದನ್ನು ತೋರಿಸಿಯೇ ಟ್ಯಾನರ್ಸ್ ಬಾಟಮ್ ಎಂಬ ಕರಿಯರ ಕೇರಿಯನ್ನು ಕೆಡವಿ ಹೆದ್ದಾರಿ ಹಾಸಿದ್ದರು. ಕೇರಿಯದೆಂದು ಉಳಿದದ್ದು ಈ ಹನ್ನೊಂದು ನಿಮಿಷ. ಅದರೊಳಗಿನ ಮುಖಗಳ ಹೆಸರು ಗೊತ್ತಿದ್ದವಳು ಲುವೆನಿಯಾ ಒಬ್ಬಳೇ. ಪಕ್ಕದಲ್ಲಿ ಕೂತಿದ್ದ ಅವರ ಚರ್ಚಿನ ಮುಖಂಡ ಡೀಕನ್ ಕ್ಲೀಟಸ್ ಆಗ ತೊಟ್ಟಿಲಲ್ಲಿದ್ದ.

ಚಿತ್ರದಲ್ಲಿ ಬೀದಿಯ ತುಂಬ ಹಾಸಿಗೆ, ಬಾಣಲೆ, ಕಾಲು ಮೇಲಾದ ಕುರ್ಚಿಗಳು. ನಡುವೆ ನಿಂತ ಅವ್ವ ಬಾಗಿಲ ಕಡೆ ಕೈ ಬೀಸುತ್ತಿದ್ದಳು. ಹಾಳೆಯಲ್ಲಿ ಅಚ್ಚಾಗಿತ್ತು: ಕಸದ ನಡುವೆ ಬದುಕುವ ಕೊಳಗೇರಿ ನಿವಾಸಿಗಳು.

"ಕಸ ಅಲ್ಲ ಕಣಪ್ಪ. ಪಿಚ್ಚರ್ ತೆಗ್ಯೋರು ಬತ್ತಾರೆ ಅಂತ ಸುದ್ದಿ ಬಂತು. ಹೆಂಗಸ್ರೆಲ್ಲ ಮನೇಲಿರೋದ್ನ ಬೀದೀಗ್ ತಂದಾಕಿ ಒಳ್ಗೆ ನೆಲ ಉಜ್ಜುದ್ರು. ಹತ್ತು ವರ್ಸದೋಳು, ನಾನೂ ಉಜ್ಜಿದ್ದೆ, ಮಂಡಿ ಕಿತ್ತೋಗಂಗೆ."

"ಒಳಿಕ್ ಬಂದ್ರಾ?" ಎಂದ ಡೀಕನ್.

"ಹೊಸ್ಲೂ ತುಳೀಲಿಲ್ಲ, ಮುಂಡೇಮಕ್ಳು."

ಅಧಿಕಾರಿ ಗಡಿಯಾರ ನೋಡಿಕೊಂಡ. "ವಿವರಣೆ ಹಳೇ ದಾಖಲೆಯದು, ತಿದ್ದೋಕಾಗಲ್ಲ. ಚಿತ್ರದಲ್ಲಿರೋರ ಹೆಸರು ಬರೆದು ಸಹಿ ಹಾಕಿದ್ರೆ ಚರ್ಚಿಗೆ ಒಂದು ಪ್ರತಿ ಸಿಗುತ್ತೆ. ಇಲ್ಲಾಂದ್ರೆ ರೀಲಿನ ಡಬ್ಬ ಗೋದಾಮಿಗೆ ಹೋಗುತ್ತೆ. ಅಲ್ಲಿಂದ ಯಾವುದೂ ವಾಪಸ್ ಬಂದಿಲ್ಲ."

"ಹಾಕ್ಬುಡಕ್ಕ," ಡೀಕನ್ ಪಿಸುಗುಟ್ಟಿದ. "ಆ ಕಂಬಕ್ ಒರಗವ್ನಲ್ಲ, ನಮ್ಮಪ್ಪ ಅಂತ ನೀನಂದ್ಯಲ್ಲ. ಅವ್ನ ಮೊಕ ನಾನು ನೋಡಿದ್ದೇ ಇವತ್ತು."

"ಹಾಕುದ್ರೆ ಅವ್ವ ಕಸದ್ ಹೆಂಗ್ಸಾಯ್ತಾಳೆ. ಹಾಕ್ದಿದ್ರೆ ಯಾರೂ ಆಗಾಕಿಲ್ಲ."

ಡೀಕನ್ ಹ್ಯಾಟನ್ನು ಬೆರಳಲ್ಲಿ ತಿರುಗಿಸುತ್ತ ಕೂತ. ಅವಳು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಹೆಸ್ರಿನ್ ಜಾಗ ನಮ್ದೇ ತಾನೆ?"

"ಹೌದು. ಅದೊಂದು ನಿಮ್ಮದು."

ಅವಳು ಅವ್ವನ ಹೆಸರಿನ ಜಾಗದಲ್ಲಿ ಅಕ್ಷರ ಕೊರೆದಂತೆ ಬರೆದಳು: ಮಿಸೆಸ್ ಅರ್ಲೀನಾ ಗೇದರ್. ಕುಡಿದಿಲ್ಲ. ಕೂಗಾಡುತ್ತಿಲ್ಲ. ಒಳಗೆ ಬನ್ನಿ, ನಮ್ಮ ನೆಲ ನೋಡಿ ಎನ್ನುತ್ತಿದ್ದಾಳೆ. ನೀವು ಬರಲಿಲ್ಲ.

ಅಧಿಕಾರಿ ಬಗ್ಗಿ ಓದಿದ. "ಇದು ಹೆಸರಲ್ಲ. ಈ ಹಾಳೆ ನಾನು ತಗೊಳ್ಳಲ್ಲ."

ಅವಳು ಮುಂದಿನ ಹೆಸರಿನ ಗೆರೆಗೆ ಇಳಿದಳು. ಅವನು ಚಿತ್ರದ ಯಂತ್ರ ಆರಿಸಿದ. ಬೇರೆ ಬೆಳಕಿಲ್ಲದ ಆ ಕೋಣೆ ಕಪ್ಪಾಯಿತು. ಪೆನ್ನಿನ ಸದ್ದು ನಿಲ್ಲಲಿಲ್ಲ.

"ಬ್ಯಾಡ ಕಣಕ್ಕ," ಎಂದ ಡೀಕನ್.

ಆಮೇಲೆ ಕತ್ತಲಲ್ಲೇ ಪೆನ್ನಿನ ಸದ್ದಿನ ಕಡೆ ಬಗ್ಗಿ ಕೇಳಿದ:

"ಕಂಬಕ್ ಒರಗಿ ನಮ್ಮಪ್ಪ ಏನಂತಿದ್ದ?"