ಲಾಭ, ಎರಡು, ಮೂರು

೧.

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ನಿಮ್ಮನ್ನೇ ಕೇಳೋಣವೆಂದಿದ್ದೆ. ಆದರೆ ಓದುಗರನ್ನು ಕೇಳಿದರೆ ಮೊದಲು ನಾಯಕನಿಗೆ ಮದುವೆ ಮಾಡಿಸುತ್ತೀರಿ. ನನ್ನ ನಾಯಕನಿಗೆ ಅದಕ್ಕೆಲ್ಲ ಪುರುಸೊತ್ತಿಲ್ಲ. ಅವನು ಸಂಖ್ಯಾಶಾಸ್ತ್ರದ ಲೆಕ್ಚರರ್.

(ಪುಟ ಮಗುಚುವವರು ಈಗಲೇ ಮಗುಚಬಹುದು. ನೂರಕ್ಕೆ ಎಷ್ಟು ಮಂದಿ ಮಗುಚುತ್ತೀರಿ ಎಂದು ಅವನು ಹೇಳಬಲ್ಲ.)

ಮೊದಲ ಡ್ರಾಫ್ಟ್ ಹೀಗಿತ್ತು: ‘ಸಂಖ್ಯಾಶಾಸ್ತ್ರದ ಧ್ರುವತಾರೆ ಡಾ. ಭುಜಂಗರು ಪುತ್ತಿಗೆಯ ಸುಸಂಸ್ಕೃತ ಕೃಷಿಕ ಕುಟುಂಬದಲ್ಲಿ ಜನಿಸಿ...’ ಅಭಿನಂದನ ಗ್ರಂಥದ ವಾಸನೆ ಮೂಗಿಗೆ ಬಡಿಯಿತು. ಹರಿದೆ.

೨.

ಈಗ ನೆಟ್ಟಗೆ ಹೇಳುತ್ತೇನೆ. ೧೯೫೨ನೇ ಇಸವಿ. ನಮ್ಮ ಕಡೆಯವರೆಲ್ಲ ಮದರಾಸು ರಾಜ್ಯದ ಪ್ರಜೆಗಳಾಗಿದ್ದ ಕಾಲ. ಮದರಾಸಿನ ಒಂದು ಕಾಲೇಜಿನಲ್ಲಿ ಪ್ರೊಫೆಸರ್ ಹುದ್ದೆ ಖಾಲಿ ಬಿದ್ದಿದೆ. ಬರುವ ಸೋಮವಾರ ಇಂಟರ್‌ವ್ಯೂ. ಭುಜಂಗ ಅರ್ಜಿ ಹಾಕಿದ್ದಾನೆ. ಅವನ ಕೈಯಲ್ಲಿರುವುದು ಒಂದೇ ಒಂದು ಸಂಶೋಧನ ಪ್ರಬಂಧ.

ಆದರೆ ಎಂಥ ಪ್ರಬಂಧ! ಆರು ವರ್ಷದ ಹಿಂದೆ ಕುಂಬಳೆ ಆಸುಪಾಸಿನ ಇನ್ನೂರ ಹನ್ನೆರಡು ಗದ್ದೆಗಳಲ್ಲಿ ಫಸಲಿನ ಸರ್ವೆ ನಡೆದಿತ್ತು. ಭತ್ತ ಅಳೆಯುವುದು, ಪುಸ್ತಕದಲ್ಲಿ ಬರೆಯುವುದು, ಪುಸ್ತಕವನ್ನು ಮದರಾಸಿಗೆ ಕಳಿಸುವುದು. ಅಲ್ಲಿ ಅದು ಇಂಗ್ಲಿಷಿಗೆ ಇಳಿದು ಭುಜಂಗನ ಮೇಜಿಗೆ ಬಂತು. ಆ ಹಾಳೆಗಳಲ್ಲಿ ‘ಪ್ರಾಫಿಟ್’ ಎಂಬ ಕಾಲಮ್ಮು. ಪ್ರತಿ ಗದ್ದೆಗೂ ಅದರಲ್ಲಿ ಒಂದೇ ಅಂಕಿ: ಒಂದು ಸೇರು. ದೊಡ್ಡ ಗದ್ದೆಗೂ ಒಂದು, ಚೋಟುದ್ದದ ಗದ್ದೆಗೂ ಒಂದು. ಹುಳ ತಿಂದದ್ದಕ್ಕೂ ಒಂದು.

ಅಂಕಿಗಳು ಇಷ್ಟು ಶಿಸ್ತಿನಿಂದ ಸಾಲು ನಿಂತರೆ ಸಂಖ್ಯಾಶಾಸ್ತ್ರಜ್ಞನಾದವನು ಹೆದರಬೇಕು. ಭುಜಂಗ ಹಿಗ್ಗಿದ. ‘ಸಣ್ಣ ರೈತನ ಲಾಭದ ಸ್ಥಿರತೆ’ ಎಂದು ಒಂದು ನಿಯಮವನ್ನೇ ಮಂಡಿಸಿದ: ಎಷ್ಟೇ ಬೆಳೆಯಲಿ, ಬೆಳೆದವನ ಲಾಭ ಒಂದೇ ಸೇರು. ಹದಿನಾಲ್ಕು ಪುಟ ಸಮೀಕರಣ. ಡಾಕ್ಟರೇಟ್ ಬಂತು. ಪರೀಕ್ಷಕರು ‘ರಿಮಾರ್ಕಬಲ್’ ಎಂದು ಷರಾ ಬರೆದರು.

(ಹಾಗೆ ನೋಡಿದರೆ ನಿಯಮ ಸುಳ್ಳೇನೂ ಅಲ್ಲ. ನಮ್ಮೂರಿನ ಯಾವ ರೈತನನ್ನು ಕೇಳಿದರೂ ‘ಒಂದು ಸೇರು ಸ್ವಲ್ಪ ಹೆಚ್ಚಾಯ್ತು’ ಎನ್ನುತ್ತಿದ್ದ.)

೩.

ಇಂಟರ್‌ವ್ಯೂಗೆ ಮೊದಲು ಅಕ್ಕನ ಕಾಲಿಗೆ ಬೀಳಲು ಭುಜಂಗ ಪುತ್ತಿಗೆಗೆ ಬಂದ. ಅಪ್ಪ ಅಮ್ಮ ಬೇಗ ಹೋದ ಮೇಲೆ ಗದ್ದೆಯನ್ನೂ ಇವನನ್ನೂ ನೋಡಿಕೊಂಡವಳು ಜಲಜಾಕ್ಷಿ. ಆಗ ತಾನೆ ಭತ್ತ ಬಡಿದು ಗಾಳಿಗೆ ಹಿಡಿದಾಗಿತ್ತು. ಅವಳು ಅಂಗಳದಲ್ಲಿ ಕೂತು ಅಳೆಯುತ್ತಿದ್ದಳು. ಇವನು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ.

“ಲಾಭ,” ಎಂದಳು ಅವಳು, ಮೊದಲ ಸೇರು ಸುರಿಯುತ್ತ. “ಎರಡು. ಮೂರು...”

(ಅವರು ಮಾತಾಡಿದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ. ಭಾಷಾಂತರ ಮಾಡಿದವರ ಗತಿ ಏನಾಗುತ್ತದೆ ಎಂದು ಈಗ ನೋಡುವಿರಿ.)

ಕಾಫಿ ಭುಜಂಗನ ನೆತ್ತಿಗೆ ಹತ್ತಿತು.

“ಅಕ್ಕ, ಈಗ ಎಂತ ಹೇಳಿದ್ದು ನೀನು?”

“ಹೇಳಿದ್ದಲ್ಲ, ಅಳೆದದ್ದು.”

“ಮೊದಲನೇ ಸೇರಿಗೆ?”

“ಲಾಭ. ಮತ್ತೆಂತ ನಷ್ಟ ಅಂತ ಹೇಳ್ಬೇಕಾ?”

ಸಣ್ಣವನಿದ್ದಾಗ ಮಾವಿನ ಮಿಡಿ ಎಣಿಸುವಾಗಲೂ ಅವನು ‘ಒಂದು’ ಎನ್ನದೆ, ಶುಭವಾಗಲಿ ಎಂದು ಊರವರೆಲ್ಲ ಹೇಳುವ ಹಾಗೆ ಲಾಭ, ಎರಡು, ಮೂರು ಎಂದೇ ಎಣಿಸಿದ್ದ. ಆ ಶಬ್ದ ಕಿವಿಗೆ ಬಿದ್ದಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಅದು ಮದರಾಸಿನಲ್ಲಿ ಪ್ಯಾಂಟು ಹಾಕಿಕೊಂಡು ‘ಪ್ರಾಫಿಟ್’ ಎಂದು ಎದುರು ಬಂದಾಗ ನಮ್ಮ ಡಾಕ್ಟರಿಗೆ ಗುರುತೇ ಸಿಗಲಿಲ್ಲ.

೪.

ಅವನು ಸೀದಾ ಸೀತಾಂಗೋಳಿಗೆ ನಡೆದ. ಸರ್ವೆಯಲ್ಲಿ ಪುಸ್ತಕ ಬರೆದವನು ಅಹ್ಮದ್ ಕುಂಞಿ, ಭುಜಂಗನ ಜೊತೆ ಶಾಲೆಗೆ ಹೋದವನು. ಅಕ್ಷರ ಚಂದ ಎಂದು ಆ ಕೆಲಸ ಸಿಕ್ಕಿತ್ತು. ಈಗ ದಿನಸಿ ಅಂಗಡಿ ಇಟ್ಟಿದ್ದ. ಪುಸ್ತಕದ ಪ್ರತಿ ಅವನಲ್ಲಿತ್ತು. ಪ್ರತಿ ಗದ್ದೆಯ ಎದುರು ನೀಟಾಗಿ: ಲಾಭ, ೨, ೩, ೪...

“ನಾನು ಕೇಳಿದ ಹಾಗೆ ಬರೆದದ್ದು ಮಾರಾಯ,” ಎಂದ ಅಹ್ಮದ್ ಕುಂಞಿ. “ನಮ್ಮ ಅಂಗಡಿಯಲ್ಲಿ ಸಹ ಮೊದಲ ಸೇರಿಗೆ ಲಾಭ ಅಂತಲೇ ಹೇಳುವುದು. ಮದರಾಸಿನಲ್ಲಿ ಯಾವನೋ ಡಿಕ್ಷನರಿ ನೋಡಿ ಆ ಮೊದಲ ಸೇರನ್ನು ಪ್ರಾಫಿಟ್ ಅಂತ ಬೇರೆ ಕಾಲಮ್ಮಿಗೆ ಹಾಕಿದ್ದಾನೆ, ಅದಕ್ಕೆ ನಾನೆಂತ ಮಾಡ್ಲಿ? ಆದ್ರೆ ನಿನಗೆ ಗೊತ್ತಾಗ್ಲಿಲ್ವಾ?”

ಆ ಕೊನೆಯ ಪ್ರಶ್ನೆಯನ್ನು ತೆಗೆದುಬಿಡಿ ಎಂದು ಭುಜಂಗ ನನ್ನನ್ನು ಬೇಡಿಕೊಂಡ. ನಾನು ತೆಗೆಯಲಿಲ್ಲ. ನನಗೂ ಪ್ರೊಫೆಸರುಗಳ ಮೇಲೆ ಹಳೆಯ ಸಿಟ್ಟು ಉಂಟು.

೫.

ಇನ್ನು ಮುಕ್ತಾಯ. ನನ್ನ ಹತ್ತಿರ ಎರಡುಂಟು.

(ಅ) ಭುಜಂಗ ತನ್ನ ಪ್ರಬಂಧ ಅಚ್ಚಾದ ಪತ್ರಿಕೆಗೆ ತಿದ್ದುಪಡಿ ಬರೆಯುತ್ತಾನೆ. ಹುದ್ದೆ ಇನ್ಯಾರಿಗೋ ಹೋಗುತ್ತದೆ. ಸತ್ಯಕ್ಕೆ ಜಯ.

“ಜಯ ನಿಮಗೆ, ಕೆಲಸ ಹೋಗುವುದು ನನಗೆ,” ಎಂದ ಭುಜಂಗ.

(ಆ) ಬಾಯಿ ಮುಚ್ಚಿಕೊಂಡು ಪ್ರೊಫೆಸರ್ ಆಗುತ್ತಾನೆ. ಮೂವತ್ತು ವರ್ಷ ಹುಡುಗರು ಆ ನಿಯಮವನ್ನು ಉರು ಹೊಡೆಯುತ್ತಾರೆ.

“ಹಾಗಾದ್ರೆ ನನ್ನ ಪುಸ್ತಕದ ಹಾಳೆ ಹರಿದು ಬೆಲ್ಲ ಕಟ್ಟುವುದಾ?” ಎಂದ ಅಹ್ಮದ್ ಕುಂಞಿ.

ಕೊನೆಗೆ ಭುಜಂಗ ತಾನಾಗಿಯೇ ಜಗಲಿಯಲ್ಲಿ ಕಾಗದ ಹರಡಿ ಕೂತ. ಹದಿನಾಲ್ಕು ಪುಟ ಕೆಡವಲು ಒಂದೇ ವಾಕ್ಯ ಸಾಕಿತ್ತು: ‘ಇಲ್ಲಿ ಲಾಭ ಎಂಬ ಮಾತಿಗೆ ಬೇರೆ ಅರ್ಥವಿಲ್ಲ, ಅದು ಬರೀ ಒಂದು.’ ಬರೆದು, ಅಕ್ಕನಿಗೆ ಓದಿ ಹೇಳಿದ.

ಜಲಜಾಕ್ಷಿ ಸೇರು ಕೆಳಗಿಟ್ಟಳು.

“ಅರ್ಥ ಇಲ್ವಾ? ನಿನ್ನನ್ನು ಮಂಗಳೂರಿಗೆ ಓದಲಿಕ್ಕೆ ಕಳಿಸಿದ ವರ್ಷದಿಂದ ಮೊದಲ ಸೇರು ನಿನ್ನ ಪಾಲಿಗೆ ಅಂತ ಬೇರೆಯೇ ತೆಗೆದಿಡ್ತಾ ಬಂದಿದ್ದೇನೆ. ಈಗಲೂ. ಅದಕ್ಕೆ ಒಂದು ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರ್ತದಾ?”

ಭುಜಂಗ ಆ ಕಾಗದವನ್ನು ಹರಿಯಲೂ ಇಲ್ಲ, ಲಕೋಟೆಗೆ ಹಾಕಲೂ ಇಲ್ಲ. ಮಡಚಿ ಜೇಬಿಗಿಟ್ಟುಕೊಂಡ. ನನಗೆ ಅವನನ್ನು ಗೇಲಿ ಮಾಡುವ ಮನಸ್ಸು ಅಲ್ಲಿಗೆ ಹೋಯಿತು. ಸುಳ್ಳು ಹೇಳುವುದೇಕೆ, ಕಣ್ಣು ಒದ್ದೆಯಾಯಿತು.

ಆಗ ಜಲಜಾಕ್ಷಿ ನನ್ನ ಕಡೆ ತಿರುಗಿದಳು. “ಮತ್ತೆ ನೀವು. ಈ ಕಥೆಯ ಮೊದಲ ತುಂಡಿನ ಮೇಲೆ ‘ಒಂದು’ ಅಂತ ಹಾಕಿದ್ದು ಯಾರು?”

“ನಾನೇ ಅಕ್ಕ.”

“ಅದಕ್ಕೇ ಇದು ಮುಂದೆ ಹೋಗ್ತಾ ಇಲ್ಲ. ಸರಿಯಾಗಿ ಶುರು ಮಾಡಿ.”

ಲಾಭ.

ಸೋಮವಾರ, ಮದರಾಸು. ಮೇಜಿನಾಚೆ ಐದು ಜನ. ಮೇಜಿನೀಚೆ ಭುಜಂಗ, ಕೋಟಿನ ಜೇಬಿನಲ್ಲಿ ಮಡಚಿದ ಕಾಗದ. ಕ್ಷೇಮಸಮಾಚಾರ ಮುಗಿಯಿತು. ನಡುವೆ ಕೂತ ಹಿರಿಯರು ಕನ್ನಡಕ ಸರಿಮಾಡಿಕೊಂಡು ಸುಲಭದ ಪ್ರಶ್ನೆಯನ್ನೇ ಕೇಳಿದರು.

“ಡಾಕ್ಟರ್ ಭುಜಂಗ, ನಿಮ್ಮ ಪ್ರಬಂಧಗಳು ಎಷ್ಟು?”

‘ಒಂದು’ ಎಂದರೆ ಅವನು ಪ್ರೊಫೆಸರ್. ಅದರ ಬದಲು ಅಕ್ಕನ ಆ ಮಾತು ಬಾಯಿಗೆ ಬಂದರೆ ಅದರ ಅರ್ಥವನ್ನು ಈ ಐವರಿಗೂ ಬಿಡಿಸಿ ಹೇಳಬೇಕು. ಪುತ್ತಿಗೆಯ ಅಂಗಳದಿಂದ ಶುರು ಮಾಡಬೇಕು, ಅಕ್ಕನ ಹೆಸರು ಹೇಳಬೇಕು.

ಅವನೇನೆಂದ ಎಂದು ನಾನು ಬರೆಯುವುದಿಲ್ಲ. ಸೇರನ್ನು ಪೂರ್ತಿ ಬರಿದು ಮಾಡಬಾರದು, ತಳದಲ್ಲಿ ನಾಲ್ಕು ಕಾಳು ಬಿಡಬೇಕು ಎಂದು ಹೊರಡುವಾಗ ಜಲಜಾಕ್ಷಿ ಹೇಳಿ ಕಳಿಸಿದ್ದಾಳೆ.

ಭುಜಂಗ ಜೇಬು ಮುಟ್ಟಿ ನೋಡಿಕೊಂಡ. ಎಣಿಸಲು ಬಾಯಿ ತೆರೆದ.